ಬುಶ್ ಅಲ್ಲ, ಬ್ರಶ್

ಮಿಕ್ಸರ್ ಕೆಟ್ಟು ನಿಂತರೆ ಮೊದಲು ಅದನ್ನು ಬೋರಲು ಹಾಕಿ ನೋಡಬೇಕು. ತಳದಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಮೋಟಾರು ಅತಿಯಾಗಿ ಕಾದಾಗ ಆ ಗುಂಡಿ ತಾನಾಗಿಯೇ ಹೊರಗೆ ಬಂದು ಕರೆಂಟು ಕಡಿದುಬಿಡುತ್ತದೆ. ಹತ್ತು ನಿಮಿಷ ಆರಲು ಬಿಟ್ಟು, ಗುಂಡಿಯನ್ನು ಒಳಗೆ ಒತ್ತಿದರೆ ಎಷ್ಟೋ ಮಿಕ್ಸರುಗಳು ಮತ್ತೆ ತಿರುಗುತ್ತವೆ. ಇಷ್ಟು ತಿಳಿಯದೆ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಅಂಗಡಿಯವನು ಇವರನ್ನು "ಸಂಜೀಕ ಬರ್ರಿ" ಎಂದು ಕಳಿಸಿ, ಇವರು ಓಣಿ ದಾಟುವುದರೊಳಗೆ ಗುಂಡಿ ಒತ್ತಿ ಮುಗಿಸಿರುತ್ತಾನೆ. ಕೂಲಿ ಮಾತ್ರ ಪೂರ್ತಿ. ಅವನನ್ನು ಬೈದು ಉಪಯೋಗವಿಲ್ಲ. ಬೋರಲು ಹಾಕಿ ನೋಡದವರ ತಪ್ಪು ಅದು.

ಇದನ್ನೆಲ್ಲ ನನಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಹೆಬ್ಬಳ್ಳಿಯ ಒಕ್ಕಲುತನದ ಮನೆಯಿಂದ ಮದುವೆಯಾಗಿ ಧಾರವಾಡದ ಮಾಳಮಡ್ಡಿಗೆ ಬಂದಾಗ ಸ್ವಿಚ್ಚು ಹಾಕುವುದು, ತೆಗೆಯುವುದು ಎರಡೇ ನನಗೆ ಗೊತ್ತಿದ್ದದ್ದು. ಮುಂದೆ ಮನೆಯ ಹೊರಕೋಣೆಯಲ್ಲಿ ಬ್ಲೌಸ್ ಪೀಸುಗಳ ವ್ಯಾಪಾರ ಹಚ್ಚಿದೆ. ಮಾಲು ತರಲು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಸಗಟು ವ್ಯಾಪಾರಿಗಳ ಜೊತೆ ಗುದ್ದಾಡಿ ಗುದ್ದಾಡಿ ನಾಲಿಗೆ ಹರಿತವಾಯಿತು. ಒಂದು ಸಲ ನಮ್ಮ ಇಸ್ತ್ರಿಪೆಟ್ಟಿಗೆ ಕೆಟ್ಟಿತು. ಅಂಗಡಿಯವನು ಮುಟ್ಟಿಯೂ ನೋಡದೆ "ಹೊಸಾದು ತಗೋರಿ" ಎಂದ. ನಾನು "ಇದರಾಗ ಸತ್ತಿದ್ದು ಏನು, ಅದನ್ನ ಹೇಳ್ರಿ ಮೊದಲ" ಎಂದೆ. ನೋಡಿದರೆ ವಾಯರು ಬುಡದಲ್ಲಿ ತುಂಡಾಗಿತ್ತು, ಅಷ್ಟೇ. ಹುಬ್ಬಳ್ಳಿಯಲ್ಲಿ ಆ ವಾಯರು ಒಂದು ಊಟದ ಬೆಲೆಗೆ ಸಿಕ್ಕಿತು. ಅವತ್ತೇ ನನಗೆ ಒಂದು ವಿಷಯ ಹೊಳೆಯಿತು. ಇಡೀ ವಸ್ತು ಒಮ್ಮೆಲೇ ಸಾಯುವುದಿಲ್ಲ. ಅದರೊಳಗಿನ ಯಾವುದೋ ಒಂದು ಚೂರು ಸಾಯುತ್ತದೆ. ಆ ಚೂರಿನ ಹೆಸರು ಗೊತ್ತಿದ್ದವರು ಚೂರಿನ ಬೆಲೆ ಕೊಡುತ್ತಾರೆ, ಗೊತ್ತಿಲ್ಲದವರು ಇಡೀ ವಸ್ತುವಿನ ಬೆಲೆ ಕೊಡುತ್ತಾರೆ.

ಅಂದಿನಿಂದ ನನಗೆ ಈ ಚೂರುಗಳ ಹುಚ್ಚು ಹಿಡಿಯಿತು. ಮಿಕ್ಸರಿನ ತಲೆಯ ಮೇಲೆ ಹಲ್ಲುಹಲ್ಲಾಗಿ ಇರುವ ಕಪ್ಲರು, ಜಾರಿನ ತಳದಲ್ಲಿ ಬ್ಲೇಡಿನ ಕಡ್ಡಿ ತಿರುಗುವ ಹಿತ್ತಾಳೆಯ ಕೊಳವೆ ಅಂದರೆ ಬುಶ್ಶು, ಮುಚ್ಚಳದ ರಬ್ಬರು, ಟೇಬಲ್ ಫ್ಯಾನಿನ ಕೆಪ್ಯಾಸಿಟರು, ನೀರು ಕಾಸುವ ಕೆಟಲಿನ ತಳದ ಸ್ವಿಚ್ಚು ಎಲ್ಲದರ ಹೆಸರನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದೆ. ಓಣಿಯಲ್ಲಿ ಯಾರ ಮನೆಯ ಯಂತ್ರ ಕೆಟ್ಟರೂ ರಿಪೇರಿಯವನಿಗಿಂತ ಮೊದಲು ನನ್ನ ಹತ್ತಿರ ಬರುತ್ತಾರೆ. ನಾನೂ ಕೇಳಿದವರಿಗೆ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಹಾಗೆ ಹೇಳಿಸಿಕೊಂಡವರಲ್ಲಿ ನಮ್ಮ ಹಿತ್ತಲಕೋಣೆಯ ಬಾಡಿಗೆಯ ಹೆಣ್ಣುಮಗಳೂ ಒಬ್ಬಳು. ಶಿರಗುಪ್ಪಿಯವಳು. ಗಂಡ ಲಾರಿ ಹೊಡೆಯುತ್ತಾನೆ, ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಇವಳು ಹುಡುಗರ ಹಾಸ್ಟೆಲೊಂದರ ಮೆಸ್ಸಿನಲ್ಲಿ ಅಡುಗೆಗೆ ಹೋಗುತ್ತಿದ್ದಳು. ಕತ್ತಲಿರುವಾಗಲೇ ಎದ್ದು ಹೋಗಿ ರೊಟ್ಟಿ ಬಡಿಯಲು ಕುಳಿತರೆ ಬೆನ್ನು ನೆಟ್ಟಗಾಗುವುದು ಮಧ್ಯಾಹ್ನಕ್ಕೆ. ಅವಳು ಮಾಡುವ ಶೇಂಗಾ ಚಟ್ನಿಪುಡಿ ತಿಂದು ನಾನು ಒಂದಲ್ಲ, ಮೂರು ಸಲ ಹೇಳಿದೆ: "ಯವ್ವಾ, ಆ ಮೆಸ್ಸು ಬಿಡು. ಇದನ್ನ ಮಾಡಿ ಮಾರು." ಮೂರನೆಯ ಸಲಕ್ಕೆ ಅವಳು ನಂಬಿಬಿಟ್ಟಳು. ಮೆಸ್ಸಿನ ಮ್ಯಾನೇಜರು ಒಂದು ತಿಂಗಳು ಬೇರೆಯವರಿಂದ ನಡೆಸಿಕೊಳ್ಳುತ್ತೇನೆ ಎಂದ. ಆ ತಿಂಗಳು ಮುಗಿಯುತ್ತಾ ಬಂದಾಗ, ಬರುವ ಸೋಮವಾರದೊಳಗೆ ಬರುತ್ತೀಯೋ ಇಲ್ಲವೋ ಹೇಳಬೇಕು, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಕಾಯಂ ಮಾಡುತ್ತೇನೆ ಎಂದು ಹೇಳಿಕಳಿಸಿದ.

ಅದೇ ವಾರ ಹುಬ್ಬಳ್ಳಿಯ ಒಬ್ಬ ಕಿರಾಣಿ ವ್ಯಾಪಾರಿ ಅವಳಿಗೆ ಹನ್ನೆರಡು ಕಿಲೋ ಶೇಂಗಾ ಚಟ್ನಿ ಹೇಳಿದ್ದ. ಶುಕ್ರವಾರ ಕೊಡಬೇಕು. ಗಿರಾಕಿಗಳಿಗೆ ಹಿಡಿಸಿದರೆ ಪ್ರತಿ ತಿಂಗಳೂ ತೆಗೆದುಕೊಳ್ಳುತ್ತೇನೆ ಎಂದಿದ್ದ. ಈ ಮಾಲು ಹೋದರೆ ಅವಳು ತನ್ನ ಒಲೆಯ ಮುಂದೆ ಇರುತ್ತಾಳೆ, ಹೋಗದಿದ್ದರೆ ಮತ್ತೆ ಮೆಸ್ಸಿನ ಒಲೆಯ ಮುಂದೆ. ನಡುವೆ ಮೂರನೆಯ ದಾರಿ ಇರಲಿಲ್ಲ.

ಮಂಗಳವಾರ ಮುಂಜಾನೆ ಮೂರು ಕಿಲೋ ಮುಗಿಸುವಷ್ಟರಲ್ಲಿ ಅವಳ ಮಿಕ್ಸರು ನಿಂತಿತು. ಅದು ಮುಚ್ಚಿಹೋದ ಒಂದು ಖಾನಾವಳಿಯಿಂದ ಕೊಂಡ ಹಳೆಯ, ಕಲ್ಲಿನಂಥ ಮಿಕ್ಸರು. ಚೌಕಾಸಿ ಮಾಡಿ ಕೊಡಿಸಿದವಳು ನಾನೇ. "ಇಂಥಾ ಗಟ್ಟಿ ಸಾಮಾನು ಈಗ ಬರೂದಿಲ್ಲ" ಎಂದು ಹೊಗಳಿದವಳೂ ನಾನೇ. ಬೋರಲು ಹಾಕಿದೆ, ಕೆಂಪು ಗುಂಡಿ ಒತ್ತಿದೆ. ಜಾರು ತೆಗೆದು ಬರಿದೇ ತಿರುಗಿಸಿ ನೋಡಿದೆ. ಗುಂಯ್ ಎಂಬ ಸದ್ದೂ ಇಲ್ಲ. ನನ್ನ ಸಣ್ಣ ಮಿಕ್ಸರಿನಲ್ಲಿ ಹಾಕೋಣವೆಂದರೆ ಅದು ನಾಲ್ಕು ಮುಷ್ಟಿ ಶೇಂಗಾಕ್ಕೇ ಬಿಸಿಯಾಗಿ ವಾಸನೆ ಬಂತು. ಗಿರಣಿಯವನು ಶೇಂಗಾ ಎಂದ ಕೂಡಲೇ ಕೈ ಮುಗಿದ: "ಕಲ್ಲಿಗೆ ಎಣ್ಣಿ ಹತ್ತತೈತ್ರಿ ಅಕ್ಕಾರ, ನಾಳೆ ಜ್ವಾಳದ ಹಿಟ್ಟಿನವರು ನನ್ನ ಬೀಸತಾರ."

ಅವಳು ಹುರಿದ ಶೇಂಗಾದ ಬುಟ್ಟಿಯ ಪಕ್ಕ ಕುಳಿತು ಸಿಪ್ಪೆ ತೆಗೆಯುತ್ತಲೇ ಇದ್ದಳು.

"ಅಕ್ಕಾರ, ಮೆಸ್ಸಿನವರಿಗೆ ಇವತ್ತ ಫೋನ್ ಮಾಡಲೇನ್ರಿ?"

"ಸೋಮವಾರ ಇನ್ನೂ ಎಲ್ಲೈತಿ? ಮಂಗಳವಾರ ಐತಿ ಇವತ್ತ. ಸುಮ್ನ ಸಿಪ್ಪಿ ತಗಿ" ಎಂದೆ.

ಮಿಕ್ಸರನ್ನು ಆಟೋದಲ್ಲಿ ಹಾಕಿಕೊಂಡು ನಮ್ಮ ರಿಪೇರಿಯಣ್ಣನ ಅಂಗಡಿಗೆ ಒಯ್ದೆ. ಅವನ ಪದ್ಧತಿ ಏನೆಂದರೆ ಅವನು ಸಾಮಾನು ಮಾರುವುದಿಲ್ಲ. ಬಿಚ್ಚಿ, ಏನು ಹೋಗಿದೆ ಎಂದು ಹೇಳುತ್ತಾನೆ. ನಾವು ತಂದುಕೊಟ್ಟರೆ ಹಾಕಿ, ಕೂಲಿಯಷ್ಟೇ ತೆಗೆದುಕೊಳ್ಳುತ್ತಾನೆ. ನನ್ನಂಥವರಿಗೆ ಇದು ಬಹಳ ಛಲೋ ಪದ್ಧತಿ, ಯಾಕೆಂದರೆ ಎಲ್ಲಿ ಎಷ್ಟಕ್ಕೆ ತರಬೇಕು ಎಂಬುದು ನಮ್ಮ ಕೈಯಲ್ಲೇ ಉಳಿಯುತ್ತದೆ. ಒಂದೇ ತೊಡಕು, ಅವನ ಬಾಯಿ. ಮುಂಜಾನೆಯಿಂದ ಸಂಜೆಯ ತನಕ ಎಲೆ ಅಡಿಕೆ ತುಂಬಿಕೊಂಡಿರುತ್ತಾನೆ. ಮಾತನಾಡುವಾಗ ರಸ ಚೆಲ್ಲದಂತೆ ಗದ್ದ ಮೇಲೆತ್ತಿ, ತುಟಿ ತೆರೆಯದೆ ಮಾತನಾಡುತ್ತಾನೆ.

"ಬಿಚ್ಚಾಕ ಹೊತ್ತ ಹಿಡೀತೈತ್ರಿ. ಹನ್ನೆರಡರ ಸುಮಾರ ಬರ್ರಿ" ಎಂದ.

ನನಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಹೇಗೂ ಮಾಲು ತರುವುದಿತ್ತು, ಹುಬ್ಬಳ್ಳಿಯ ಬಸ್ಸು ಹತ್ತಿದೆ. ಹನ್ನೆರಡಕ್ಕೆ ಅಲ್ಲಿನ ಪೇಟೆ ದುರ್ಗದಬೈಲಿನಲ್ಲಿ ನಿಂತು ರಿಪೇರಿಯಣ್ಣನಿಗೆ ಫೋನು ಹಚ್ಚಿದೆ. ಅವನದು ಗುಂಡಿ ಫೋನು, ಫೋಟೊ ಕಳಿಸು ಎನ್ನುವಂತಿಲ್ಲ.

"ಬುಶ್ ಹೋಗ್ಯಾವ್ರಿ ಅಕ್ಕಾರ. ಎರಡೂ ಸವದಾವ. ಜೋಡಿ ತಂದಬಿಡ್ರಿ."

"ಎರಡೂನಾ?"

"ಹೂಂನ್ರಿ. ಒಂದ ಹಾಕಿದ್ರ ನಡ್ಯೂದಿಲ್ಲ."

ಬುಶ್ಶು ನನಗೆ ಗೊತ್ತಿದ್ದ ಚೂರು. ಒಂದು ಜಾರಿಗೆ ಒಂದು ಬುಶ್ಶು. ಅವಳ ಹತ್ತಿರ ಇದ್ದ ಜಾರುಗಳು ಎರಡು, ಬುಶ್ಶುಗಳೂ ಎರಡು. ಲೆಕ್ಕ ಎಷ್ಟು ಸರಿಯಾಗಿ ಕೂತಿತೆಂದರೆ ಇನ್ನೊಂದು ಮಾತು ಕೇಳಬೇಕು ಎನ್ನಿಸಲೇ ಇಲ್ಲ. ಹಳೆಯ ಚೂರು ಕೈಯಲ್ಲಿ ಇಲ್ಲದೆ ಹೊಸದನ್ನು ಕೊಳ್ಳಬೇಡಿ ಎಂದು ಓಣಿಗೆಲ್ಲ ಹೇಳಿಕೊಂಡು ಬಂದವಳು ನಾನು. ಆ ಹೊತ್ತಿನಲ್ಲಿ ಅದು ನೆನಪಿಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಇವತ್ತೊಂದು ದಿನ ನಡೆಯುತ್ತದೆ ಎಂದುಕೊಂಡೆ.

ಬೈಲಿನ ಹಿಂದಿನ ಓಣಿಯಲ್ಲಿ ಬಿಡಿಭಾಗಗಳ ಅಂಗಡಿಗಳು ಒತ್ತೊತ್ತಾಗಿ ಇವೆ. ನಾನು ಹೋದ ಅಂಗಡಿಯ ಸಾವ್ಕಾರನದು ಮೂರು ಮೆಟ್ಟಿಲಿನ ಎತ್ತರದ ಕಟ್ಟೆ.

"ಮಿಕ್ಸರ್ ಬುಶ್ ಎರಡು ಕೊಡ್ರಿ ಸಾವ್ಕಾರ್ರ. ಹಳೇ ಮಾಡೆಲ್‌ದು."

ಜಾರಿನ ಅಳತೆ ಕೇಳಿ ಅವನು ಎರಡು ಹಿತ್ತಾಳೆ ಬುಶ್ಶುಗಳನ್ನು ಮುಂದಿಟ್ಟ. "ನೂರಾ ಇಪ್ಪತ್ತ ಕೊಡ್ರಿ."

"ನಾ ಬುಶ್ ಕೇಳೇನ್ರಿ, ಬಂಗಾರದ ಬುಗುಡಿ ಕೇಳಿಲ್ಲ."

"ಹಿತ್ತಾಳಿ ರೇಟು ಎಲ್ಲಿಗೆ ಹೋಗೇತಿ ನಿಮಗ ಗೊತ್ತೈತೇನ್ರಿ ಅಕ್ಕಾರ?"

"ಗೊತ್ತೈತಿ. ಎದುರಿನ ಅಂಗಡಿಗೆ ಹೋಗೇತಿ. ನಾನೂ ಅಲ್ಲೇ ಹೊಂಟೇನಿ."

ಒಂದು ಮೆಟ್ಟಿಲು ಇಳಿದೆ. ತೊಂಬತ್ತು ಎಂದ. ಎರಡನೆಯದನ್ನು ಇಳಿದು ಚೀಲದಲ್ಲಿ ಏನೋ ಹುಡುಕಿದಂತೆ ಮಾಡಿದೆ. ಎಂಬತ್ತು. ಕೊನೆಯ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು ಎಪ್ಪತ್ತಕ್ಕೆ ಮುಗಿಸಿದೆ. ಚೌಕಾಸಿ ಮಾಡುವವರು ಇದನ್ನು ತಿಳಿದಿರಬೇಕು: ಅಂಗಡಿಯಿಂದ ಪೂರ್ತಿ ಹೊರಗೆ ಹೋಗಬಾರದು. ಹೋದರೆ ಅವನು ಕರೆಯುವುದಿಲ್ಲ, ನಮಗೆ ಮರಳಲು ಮುಖ ಇರುವುದಿಲ್ಲ. ಬಸ್ಸಿನಲ್ಲಿ ನವಲೂರು ದಾಟುವ ತನಕ ನಾನು ಆ ಎರಡು ಬುಶ್ಶುಗಳನ್ನು ಅಂಗೈಯಲ್ಲಿಟ್ಟುಕೊಂಡು ಮೆಚ್ಚಿಕೊಳ್ಳುತ್ತಲೇ ಬಂದೆ.

ರಿಪೇರಿ ಅಂಗಡಿಗೆ ಬಂದಾಗ ಹಿತ್ತಲಕೋಣೆಯವಳೂ ಬಂದು ಸ್ಟೂಲಿನ ಮೇಲೆ ಕುಳಿತಿದ್ದಳು. ರಿಪೇರಿಯಣ್ಣ ಪೊಟ್ಟಣ ಬಿಚ್ಚಿದ. ಬುಶ್ಶುಗಳನ್ನು ನೋಡಿದ. ನನ್ನನ್ನು ನೋಡಿದ. ಎದ್ದು ಹೊರಗೆ ಹೋಗಿ ಬಾಯಲ್ಲಿದ್ದುದನ್ನೆಲ್ಲ ಉಗುಳಿ, ನೀರು ಮುಕ್ಕಳಿಸಿ ಬಂದ. ಅವನ ಹಲ್ಲುಗಳನ್ನು ನಾನು ನೋಡಿದ್ದು ಅವತ್ತೇ ಮೊದಲು.

"ಅಕ್ಕಾರ, ನಾ ಹೇಳಿದ್ದು ಬ್ರಶ್ರಿ. ಬ್ರಶ್. ಕಾರ್ಬನ್ ಬ್ರಶ್."

"ನೀ ಬುಶ್ ಅಂದಿ."

"ನಾ ಬುಶ್ ಅಂದೆ. ಆದ್ರ ಹೇಳಿದ್ದು ಬ್ರಶ್."

"ಎಲಿ ಉಗುಳಿ ಹೇಳಬೇಕಾಗಿತ್ತಪಾ!"

"ನೀವರೆ ಜಾರ್ ಇಲ್ದ ತಿರುಗಸಿ ನೋಡಿದ್ರಿಲ್ಲೋ? ಜಾರ್ ಇಲ್ದನೂ ಮೋಟಾರ್ ಸತ್ತಿತ್ತಂದ್ರ ಜಾರಿನ ಬುಶ್ಶಿಂದು ಏನ ಸಂಬಂಧ್ರಿ? ನಾಕ ಮಂದಿಗೆ ಹೇಳೂ ನಿಮಗ ಇಷ್ಟ ತಿಳೀಲಿಲ್ಲಂದ್ರ!"

ಖರೇ ಮಾತು. ಬುಶ್ಶು ಹೋದರೆ ಜಾರು ಸೋರುತ್ತದೆ, ಇಲ್ಲವೆ ಕಟಕಟ ಅನ್ನುತ್ತದೆ. ಮೋಟಾರು ಸುಮ್ಮನಾಗುವುದಿಲ್ಲ. ಅವಳು ನಮ್ಮಿಬ್ಬರ ಮುಖ ನೋಡುತ್ತಾ ಕುಳಿತಿದ್ದಳು. ಸಂಜೆ ಐದಾಗಿತ್ತು. ಒಂದು ದಿನ ಹೋಗಿತ್ತು.

ಮಿಕ್ಸರಿನ ಜಾರು, ಮುಚ್ಚಳ, ತಲೆ ಎಲ್ಲ ನನಗೆ ಪರಿಚಯ. ಮೋಟಾರಿನ ಹೊಟ್ಟೆಯನ್ನು ಮಾತ್ರ ನಾನು ಎಂದೂ ಇಣುಕಿ ನೋಡಿರಲಿಲ್ಲ. ನಾಚಿಕೆ ಒಂದು ಕಡೆ, ಕುತೂಹಲ ಒಂದು ಕಡೆ. ಸ್ಟೂಲು ಎಳೆದುಕೊಂಡು ಕುಳಿತು "ತೋರಸು" ಎಂದೆ. ಅವನು ತೋರಿಸಿದ. ನಡುವೆ ತಂತಿ ಸುತ್ತಿದ ಉರುಳೆ, ಅದರ ಕೊರಳಿಗೆ ತಾಮ್ರದ ಪಟ್ಟಿಗಳ ಒಂದು ಬಳೆ. ಆ ಬಳೆಗೆ ಎಡದಿಂದ ಒಂದು, ಬಲದಿಂದ ಒಂದು ಕರಿಯ ತುಂಡು ಸ್ಪ್ರಿಂಗಿನ ಬಲದಿಂದ ಒತ್ತಿಕೊಂಡಿರುತ್ತವೆ. ಉರುಳೆ ತಿರುಗುತ್ತಿದ್ದರೆ ಇವು ನಿಂತಲ್ಲೇ ನಿಂತು ಅದಕ್ಕೆ ಉಜ್ಜುತ್ತಾ ಕರೆಂಟು ದಾಟಿಸುತ್ತವೆ. ಉಜ್ಜಿ ಉಜ್ಜಿ ತಾವೇ ಸವೆಯುತ್ತವೆ. ನಮ್ಮ ಮಿಕ್ಸರಿನವು ಹುಣಸೆ ಬೀಜದಷ್ಟು ಉಳಿದು, ತಾಮ್ರಕ್ಕೆ ಮುಟ್ಟುವುದನ್ನೇ ಬಿಟ್ಟಿದ್ದವು. ಇಷ್ಟು ದೊಡ್ಡ ಯಂತ್ರ ಇಷ್ಟು ಸಣ್ಣ ಚೂರಿಗಾಗಿ ನಿಂತಿದೆಯೆಂದರೆ ನನಗೆ ಒಂದು ಥರಾ ಸಂತೋಷವೇ ಆಯಿತು. ಚೂರು ಸಣ್ಣದಿದ್ದಷ್ಟೂ ಬೆಲೆ ಸಣ್ಣದು.

"ಅಲ್ಲೋ ಅಣ್ಣಾ, ಬ್ರಶ್ ಅಂದ್ರ ಕೂದಲ ಇರಬೇಕಲ್ಲ? ಇದಕ್ಕ ಎಲ್ಲದಾವ ಕೂದಲ?"

"ಅದು ನನಗೂ ಗೊತ್ತಿಲ್ರಿ. ನಮ್ಮ ಉಸ್ತಾದ ಬ್ರಶ್ ಅಂದ, ನಾನೂ ಅಂದೆ."

ಈ ಸಲ ಹಳೆಯ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅವು ಕೂರುವ ಹಿತ್ತಾಳೆಯ ಗೂಡುಗಳಲ್ಲಿ ಒಂದನ್ನೂ ಅವನು ಬಿಚ್ಚಿ ಕೊಟ್ಟ. "ತುಂಡು ಸವದೈತ್ರಿ, ಉದ್ದ ಗೊತ್ತಾಗೂದಿಲ್ಲ. ಗೂಡು ಸವದಿಲ್ಲ. ಅಳತಿ ಗೂಡಿನ್ಯಾಗ ನೋಡ್ರಿ" ಎಂದ. ಈ ಮಾತನ್ನು ಬೇಕಾದವರು ಬರೆದಿಟ್ಟುಕೊಳ್ಳಿ. ಸವೆದ ಚೂರನ್ನಷ್ಟೇ ಒಯ್ದರೆ ಸವೆದ ಅಳತೆಯದೇ ಸಿಗುತ್ತದೆ. ಅದು ಕೂರುವ ಜಾಗವನ್ನೂ ಒಯ್ಯಬೇಕು.

ಬುಧವಾರ ಅಂಗಡಿ ತೆಗೆಯುವ ಹೊತ್ತಿಗೇ ಹುಬ್ಬಳ್ಳಿಯಲ್ಲಿದ್ದೆ. ಮೂರು ಮೆಟ್ಟಿಲಿನ ಸಾವ್ಕಾರ ಆಗಷ್ಟೇ ಶಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದ. ನಾನು ಬುಶ್ಶುಗಳನ್ನು ಹೊರಗೆ ತೆಗೆದದ್ದೇ ತಡ, ಎರಡೂ ಕೈ ಹಿಂದಕ್ಕೆ ಎಳೆದುಕೊಂಡ.

"ಏನ ಅಕ್ಕಾರ, ಬೋಣಗಿ ಆಗಿಲ್ಲ, ವಾಪಸ್ ತಂದೀರಲ್ಲ! ಇಡೀ ದಿನ ವಾಪಸ್ಸ ಬರತೈತಿ ನನಗ."

ದಿನದ ಮೊದಲ ವ್ಯಾಪಾರವಾಗುವ ಮೊದಲೇ ಮಾಲು ಹಿಂದಕ್ಕೆ ತೆಗೆದುಕೊಳ್ಳುವ ಅಂಗಡಿಯವರು ನಮ್ಮಲ್ಲಿ ಇಲ್ಲ. ಬ್ಲೌಸ್ ಪೀಸಿನ ವ್ಯಾಪಾರದಲ್ಲಿ ನಾನೂ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಜಗಳವಾಡಲಿಲ್ಲ.

"ಹಂಗಾರ ಬೋಣಗಿ ನಾನ ಮಾಡ್ತೇನಿ. ಜಾರಿನ ಮುಚ್ಚಳದ ರಬ್ಬರ್ ಒಂದು ಕೊಡ್ರಿ."

ರಬ್ಬರು ನಮ್ಮ ಮನೆಗೆ ಹೇಗೂ ಬೇಕಾಗಿತ್ತು. ರೊಕ್ಕ ಕೊಟ್ಟೆ. ಅವನು ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದ.

"ಬೋಣಗಿ ಆತಿಲ್ಲೋ?"

"ಆತ್ರಿ."

"ಈಗ ಈ ಬುಶ್ ತಗೋರಿ."

ಅವನು ಹಣೆ ಹಣೆ ಬಡಿದುಕೊಂಡ. "ಅಕ್ಕಾರ, ನೀವು ಗಿರಾಕಿ ಅಲ್ರಿ, ವಕೀಲರು!" ಆದರೂ ತೆಗೆದುಕೊಂಡ. ಕಾರ್ಬನ್ ಬ್ರಶ್ಶಿನ ಗೂಡನ್ನು ತಿರುಗಿಸಿ ಮುರುಗಿಸಿ ನೋಡಿ, ಈ ಅಳತೆಯದು ತನ್ನಲ್ಲಿಲ್ಲ, ಈ ಕಂಪನಿಯವರು ಇಂಥ ಮಿಕ್ಸರು ಮಾಡುವುದನ್ನೇ ಬಿಟ್ಟಿದ್ದಾರೆ ಎಂದ. ಎದುರಿನವನೂ ಅದನ್ನೇ ಹೇಳಿ, "ಹೊಸಾ ಮೋಟಾರ ಹಾಕಸ್ರಿ" ಎಂದು ಒಂದು ಬೆಲೆ ಹೇಳಿದ. ಆ ಬೆಲೆಗೆ ಹೊಸ ಮಿಕ್ಸರೇ ಬರುತ್ತಿತ್ತು. ಮೂರನೆಯ ಅಂಗಡಿಯವನು ಮೊಬೈಲಿನಲ್ಲಿ ಹುಡುಕಿ, ತರಿಸಬಹುದು, ಐದಾರು ದಿನ ಹಿಡಿಯುತ್ತದೆ ಎಂದ. ನಮಗೆ ಇದ್ದದ್ದು ಎರಡು ದಿನ. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವಸರ ಇದೆ ಎಂದು ಅಂಗಡಿಯವನಿಗೆ ಎಂದೂ ತಿಳಿಯಗೊಡಬಾರದು.

ಗಾಜಿನ ಕಪಾಟಿನ ಅಂಗಡಿಗಳನ್ನು ಬಿಟ್ಟು, ಓಣಿಯ ಕೊನೆಯಲ್ಲಿ ತಗಡಿನ ಡಬ್ಬಿಗಳ ಅಂಗಡಿಯೊಂದಕ್ಕೆ ಹೋದೆ. ಇದೂ ಒಂದು ಗುಟ್ಟು. ಗಾಜಿನ ಕಪಾಟಿನಲ್ಲಿ ಈ ವರ್ಷದ ಸಾಮಾನು ಇರುತ್ತದೆ, ತಗಡಿನ ಡಬ್ಬಿಯಲ್ಲಿ ಎಲ್ಲ ವರ್ಷಗಳದೂ ಇರುತ್ತದೆ. ಅಲ್ಲಿ ಕುಳಿತಿದ್ದ ಕಾಕಾನಿಗೆ ಎಪ್ಪತ್ತು ದಾಟಿರಬೇಕು. ಕನ್ನಡಕವನ್ನು ಹಣೆಗೆ ಏರಿಸಿ, ಗೂಡನ್ನು ಕಣ್ಣಿಗೆ ಹಿಡಿದು ಅದರೊಳಗಿಂದ ನನ್ನನ್ನೇ ನೋಡಿದ.

"ಈ ಅಳತೀದು ಎಲ್ಲೂ ಸಿಗೂದಿಲ್ಲ ಯವ್ವಾ. ತಿರುಗಬ್ಯಾಡ, ಕಾಲ ನೋಯಿಸ್ಕೋಬ್ಯಾಡ."

"ಹಂಗಂದ್ರ ಹೆಂಗ ಕಾಕಾ?"

"ಸಿಗೂದಿಲ್ಲ ಅಂದೆ. ಆಗೂದಿಲ್ಲ ಅಂದೆನೇನು?"

ಒಂದು ಡಬ್ಬಿ ಬಡಿದು ತೆಗೆದ. ಗೋಡೆ ಕೊರೆಯುವ ಡ್ರಿಲ್ ಮಷೀನಿನ ಬ್ರಶ್ಶುಗಳು. ಉದ್ದ ಸರಿಯಿತ್ತು, ದಪ್ಪ ಒಂದು ಕೂದಲೆಳೆ ಹೆಚ್ಚು. "ಪಾಲಿಶ್ ಕಾಗದದ ಮ್ಯಾಲೆ ತಿಕ್ಕಿ ಇಳಿಸಬೇಕು. ಸಪಾಟ ಇರಬೇಕು ಅಂದ್ರ ಕಾಗದದ ಕೆಳಗ ಗಾಜ ಇಡು. ಒಂದ ದಿಕ್ಕಿಗೆ ತಿಕ್ಕು. ನೀರು ಮುಟ್ಟಸಬ್ಯಾಡ, ಎಣ್ಣಿ ಮುಟ್ಟಸಬ್ಯಾಡ. ಗೂಡಿನ್ಯಾಗ ಇಟ್ಟು ಬೋರಲ ಮಾಡಿದ್ರ ತನ್ನ ಭಾರಕ್ಕ ತಾನ ಸರದು ಬೀಳಬೇಕು. ಅಲುಗಾಡಬಾರದು. ತಿಳೀತಿಲ್ಲೋ?"

"ತಿಳೀತು ಕಾಕಾ. ಇದು ಕೂದಲಿಲ್ಲದ್ದಕ್ಕ ಬ್ರಶ್ ಯಾಕ ಅಂತಾರ?"

ಕಾಕಾ ಡಬ್ಬಿ ಮುಚ್ಚುವುದನ್ನು ನಿಲ್ಲಿಸಿದ. ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆಯಂತೆ ಅದು. ಅವನ ತಂದೆ ಹತ್ತಿ ಹಿಂಜುವ ಕಾರ್ಖಾನೆಯಲ್ಲಿ ಮೋಟಾರು ನೋಡಿಕೊಳ್ಳುತ್ತಿದ್ದನಂತೆ. ಬಹಳ ಹಿಂದಿನ ಯಂತ್ರಗಳಲ್ಲಿ ಕಾರ್ಬನ್ ತುಂಡು ಇರಲಿಲ್ಲ, ಸಣ್ಣ ತಾಮ್ರದ ತಂತಿಗಳನ್ನು ಕಸಬರಿಗೆಯಂತೆ ಕಟ್ಟಿ ಒತ್ತಿ ಹಿಡಿಸುತ್ತಿದ್ದರು ಎಂದು ಅವನು ಹೇಳುತ್ತಿದ್ದನಂತೆ. "ಕೂದಲ ಹೋತು, ಹೆಸರು ಉಳೀತು" ಎಂದು ಕಾಕಾ ತನ್ನ ಬೋಳು ತಲೆಯ ಮೇಲೆ ಕೈಯಾಡಿಸಿಕೊಂಡು ನಕ್ಕ. ಆ ಉತ್ತರ ಸಿಕ್ಕಿದ್ದಕ್ಕೆ ನನಗಾದ ಸಮಾಧಾನ, ಬ್ರಶ್ಶು ಸಿಕ್ಕಿದ್ದಕ್ಕೆ ಆದದ್ದಕ್ಕಿಂತ ಕಡಿಮೆಯೇನಲ್ಲ.

ಎರಡು ನಮೂನೆ ಇದ್ದವು. ಒಂದು ಅಗ್ಗದ್ದು, ಇನ್ನೊಂದು ಅದರ ಎರಡರಷ್ಟು. ಕೈ ತನ್ನಷ್ಟಕ್ಕೆ ಅಗ್ಗದ್ದರ ಕಡೆಗೆ ಹೋಯಿತು. ಕಾಕಾ ತಡೆದ: "ಅದು ಬಿರುಸೈತಿ. ತಾನು ಸವ್ಯೂದಿಲ್ಲ, ತಾಮ್ರಾನ ತಿಂತೈತಿ. ತಾಮ್ರ ಹೋತಂದ್ರ ಮೋಟಾರ್ ಹೋತು." ಚೂರಿನಲ್ಲಿ ಉಳಿಸಲು ಹೋಗಿ ಯಂತ್ರವನ್ನು ಕಳೆದುಕೊಳ್ಳುವ ಜಾಗ ಇದು ಎಂದು ತಿಳಿಯಿತು. ತುಟ್ಟಿಯದನ್ನೇ ತೆಗೆದುಕೊಂಡೆ. ಹಾಗಂತ ಚೌಕಾಸಿ ಬಿಟ್ಟೆನೆಂದು ಯಾರೂ ತಿಳಿಯಬೇಡಿ. ಒಂದು ಜೋಡಿಯ ಬೆಲೆ ಇಳಿಸಲು ಅವನು ಒಪ್ಪಲಿಲ್ಲ, ಎರಡು ಜೋಡಿ ಒಯ್ಯುತ್ತೇನೆಂದು ಇಳಿಸಿದೆ.

ಆ ಎರಡನೆಯ ಜೋಡಿ ಇರದಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು. ಯಾಕೆಂದರೆ ಮಧ್ಯಾಹ್ನ ರಿಪೇರಿಯಣ್ಣನ ಮೇಜಿನ ಮೇಲೆ ಗಾಜಿಟ್ಟು, ಕಾಗದ ಹಾಸಿ, "ನಾ ತಿಕ್ತೇನಿ ಕೊಡು" ಎಂದು ಮೊದಲು ಕುಳಿತವಳು ನಾನು. ಲಗೂ ಆಗಲಿ ಎಂದು ನಾಲ್ಕು ಎಳೆತ ಹೆಚ್ಚೇ ಎಳೆದೆ. ಗೂಡಿನಲ್ಲಿ ಇಟ್ಟು ನೋಡಿದರೆ ತುಂಡು ಹಾಲುಹಲ್ಲಿನಂತೆ ಅಲುಗಾಡಿತು.

ರಿಪೇರಿಯಣ್ಣನ ಬಾಯಿ ತುಂಬ ಎಲೆ ಇತ್ತು, ಪುಣ್ಯ.

"ನಾ ಮಾಡ್ಲೇನ್ರಿ ಅಕ್ಕಾರ?" ಎಂದಳು ಅವಳು.

ಜಾಗ ಬಿಟ್ಟುಕೊಟ್ಟೆ. ಅವಳು ಸೆರಗು ಸೊಂಟಕ್ಕೆ ಸಿಗಿಸಿ ಕುಳಿತಳು. ಎರಡು ಎಳೆತ, ಗೂಡಿನಲ್ಲಿಟ್ಟು ನೋಡುವುದು. ಮತ್ತೆ ಎರಡು ಎಳೆತ, ಊದಿ ಪುಡಿ ತೆಗೆದು ಮತ್ತೆ ನೋಡುವುದು. ರೊಟ್ಟಿಯ ಅಂಚು ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಕಣ್ಣು ಮುಚ್ಚಿ ತಿಳಿಯುವ ಬೆರಳುಗಳು ಅವು. ಅವಸರ ಇದ್ದದ್ದು ಅವಳಿಗೆ, ಅವಸರ ಮಾಡಿದ್ದು ನಾನು. ಅರ್ಧ ತಾಸಿನ ಮೇಲೆ ಗೂಡನ್ನು ಬೋರಲು ಮಾಡಿದಳು. ಕರಿಯ ತುಂಡು ಮೆಲ್ಲಗೆ ಸರಿದು ಅವಳ ಅಂಗೈಗೆ ಬಿತ್ತು. ಎರಡನೆಯದೂ ಹಾಗೆಯೇ.

ಕೂಡಿಸಿ ಸ್ವಿಚ್ಚು ಹಾಕಿದಾಗ ಮೋಟಾರಿನ ಸಂದಿನಿಂದ ನೀಲಿ ಕಿಡಿ ಚಿಟಚಿಟ ಹಾರಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಅಂಜಬ್ಯಾಡ್ರಿ. ಹೊಸಾ ಬ್ರಶ್ ಇನ್ನೂ ಕುಂತಿಲ್ಲ. ಬಳಿ ದುಂಡಗೈತಿ, ಇದರ ಮಾರಿ ಸಪಾಟೈತಿ. ತಿರುಗಿ ತಿರುಗಿ ಒಂದಕ್ಕೊಂದು ಹೊಂದತಾವ" ಎಂದ ರಿಪೇರಿಯಣ್ಣ, ಈ ಸಲ ಉಗುಳಿ ಬಂದು, ಸ್ಪಷ್ಟವಾಗಿ. ಜಾರು ಇಡದೆ, ಸಣ್ಣ ವೇಗದಲ್ಲಿ ಎರಡು ನಿಮಿಷ ಓಡಿಸುವುದು, ಐದು ನಿಮಿಷ ಆರಿಸುವುದು. ಆರೇಳು ಸಲ ಹೀಗೆ ಮಾಡುವಷ್ಟರಲ್ಲಿ ಕಿಡಿ ಸಣ್ಣದಾಗುತ್ತಾ ಬಂತು. ಕೊನೆಗೆ ಸದ್ದು ಒಂದೇ ಸಮನಾಯಿತು. ಅವಳು ಮೆಲ್ಲಗೆ ಮಿಕ್ಸರಿನ ಬೆನ್ನ ಮೇಲೆ ಅಂಗೈ ಇಟ್ಟು ಬಿಸಿ ನೋಡಿದಳು, ಜ್ವರ ನೋಡುವ ಹಾಗೆ.

ಗುರುವಾರ ಇಡೀ ದಿನ ಹಿತ್ತಲಿನಿಂದ ಗರ್ರ್ ಎಂದು ಸದ್ದು, ನಡುನಡುವೆ ಆರಿಸಲು ಬಿಟ್ಟ ಮೌನ. ಬೆಳ್ಳುಳ್ಳಿ, ಜೀರಿಗೆ, ಕೆಂಪು ಖಾರದ ವಾಸನೆ ನನ್ನ ಬ್ಲೌಸ್ ಪೀಸುಗಳಿಗೂ ಹತ್ತಿ, ಬಂದ ಗಿರಾಕಿಯೊಬ್ಬಳು ಬಟ್ಟೆ ಮೂಸಿ ನೋಡಿ "ಊಟದ್ದೂ ಇಟ್ಟೀರೇನ್ರಿ?" ಎಂದಳು. ಹಿತ್ತಲಿನವಳು ಮಾತ್ರ ಯಂತ್ರವನ್ನು ಒಂದು ಸಲವೂ ಕೆಂಪು ಗುಂಡಿ ಹೊರಗೆ ಬರುವ ತನಕ ಕಾಯಿಸಲಿಲ್ಲ.

ಶುಕ್ರವಾರ ಡಬ್ಬಿಗಳನ್ನು ಕಟ್ಟಿಕೊಂಡು ಹುಬ್ಬಳ್ಳಿಗೆ ಹೊರಟಳು. ನಾನೂ ಬರುತ್ತೇನೆ, ವ್ಯಾಪಾರಿಯ ಜೊತೆ ಮಾತನಾಡುತ್ತೇನೆ ಎಂದೆ. "ಬ್ಯಾಡ್ರಿ ಅಕ್ಕಾರ, ನಿಮಗ ಅಂಗಡಿ ಐತಿ" ಎಂದು ನಯವಾಗಿ ಬಿಟ್ಟು ಹೋದಳು. ಮಧ್ಯಾಹ್ನ ಖಾಲಿ ಚೀಲ ಹಿಡಿದು ಬಂದವಳ ಮುಖ ಸಣ್ಣಗಿತ್ತು.

"ಏನಾತು?"

"ಉಪ್ಪು ಕಡಿಮಿ ಆಗೇತಂತ್ರಿ."

"ಮತ್ತ? ವಾಪಸ್ ಕೊಟ್ಟರೇನು?"

"ಇಲ್ರಿ. ಇಟ್ಕೊಂಡ್ರು."

"ಮುಂದ?"

"ಮುಂದಿನ ತಿಂಗಳದ್ದಕ್ಕ ಉಪ್ಪು ನೋಡಿ ಹಾಕು ಅಂದ್ರು." ಅವಳ ತಲೆಯೊಳಗೆ ಇನ್ನೂ ಉಪ್ಪೇ ಓಡುತ್ತಿತ್ತು. ಮುಂದಿನ ತಿಂಗಳು ಎಂದರೇನು ಎಂಬುದು ಅವಳಿಗೆ ಇನ್ನೂ ತಲುಪಿರಲಿಲ್ಲ. ನಾನೇ ಒಂದೊಂದಾಗಿ ಕೇಳಿ ಹೊರಗೆ ತೆಗೆಯಬೇಕಾಯಿತು. ಶೇಂಗಾ ಚಟ್ನಿ ಪ್ರತಿ ತಿಂಗಳು. ಜೊತೆಗೆ ಗುರೆಳ್ಳಿನ ಚಟ್ನಿ ಐದು ಕಿಲೋ, ಬರುವ ವಾರದಲ್ಲೇ.

"ಉಪ್ಪಿನ ವಿಷಯ ನಾ ಹೇಳ್ತೇನಿ ಕೇಳು," ಎಂದು ನಾನು ಶುರು ಮಾಡಿದೆ, "ಹುರಿಯೂ ಮುಂಚೆ..."

"ಅಕ್ಕಾರ," ಎಂದಳು ಅವಳು, "ಉಪ್ಪು ನಾ ನೋಡ್ಕೋತೇನ್ರಿ."

ಉಪ್ಪಿನ ಮಾತು ಬಿಟ್ಟು, ಕೇಳಬೇಕಾದ 'ಖರೇ' ಪ್ರಶ್ನೆಯನ್ನು ಕೇಳಿದೆ: "ಮತ್ತ ಸೋಮವಾರ ಮೆಸ್ಸು?"

ಅವಳು ಚೀಲವನ್ನು ಜಾಡಿಸಿ, ಮಡಚಿ, ಬಾಗಿಲ ಹಿಂದಿನ ಮೊಳೆಗೆ ಹಾಕಿದಳು.

"ಸೋಮವಾರ ಹೆಂಗಾಗತೈತ್ರಿ? ಗುರೆಳ್ಳು ಹುರ್ಯೂದೈತಿ."